ಚಿತ್ರಶಾಲೆಗೆ ಹೋದ ಸುಟ್ಟ ಅಂಗಿ

ಕಾಲರು, ತೋಳು, ಮುಂಭಾಗ ಮುಗಿಸಿ ಹಯವದನ ಬಿಳಿ ಅಂಗಿಯನ್ನು ಮಗುಚಿ ಹಾಕಿದ. ಇನ್ನು ಬೆನ್ನು ಮಾತ್ರ ಉಳಿದಿತ್ತು. ಮನೆಯೊಡತಿ ಭಾರ್ಗವಿಯಮ್ಮನಿಂದ ಎರವಲು ತಂದ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ, ಅದರೊಳಗೆ ತೆಂಗಿನ ಕರಟದ ಕೆಂಡ. ಕೆಳಗೆ ಹಾಸಲು ಕಂಬಳಿ ಇಲ್ಲದ್ದರಿಂದ ಕರಿಮೆಣಸಿನ ಗೋಣಿಚೀಲವೊಂದನ್ನು ಮಡಿಸಿ, ಮೇಲೆ ಪಂಚೆ ಹರಡಿಕೊಂಡಿದ್ದ. ಚೀಲದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಮಟ್ಟಾಂಚೇರಿ’ ಎಂದಿತ್ತು. ಪಂಚೆ ಸರಿದಾಗಲೆಲ್ಲ ಆ ಊರು ಇಣುಕುವುದು, ಇವನು ಎಳೆದು ಮುಚ್ಚುವುದು. ಹೀಗೇ ನಡೆದಿತ್ತು.

ಇಸ್ತ್ರಿ ಮಾಡುವವರು ಒಂದು ವಿಷಯ ತಿಳಿದಿರಬೇಕು. ಪೆಟ್ಟಿಗೆ ಕೈಯಲ್ಲಿರುವಾಗ ಬಾಗಿಲಲ್ಲಿ ಯಾರು ಕರೆದರೂ ಓಗೊಡಬಾರದು. ಒಲೆಯ ಮೇಲೆ ಹಾಲಿಟ್ಟವರಿಗೂ ಇದೇ ಮಾತು. ಹಯವದನನಿಗೆ ಹಾಲು ಕಾಯಿಸಿಯೂ ಅಭ್ಯಾಸವಿರಲಿಲ್ಲ.

“ಹೋಯ್ ಹಯವದನ, ನಿನ್ನ ಅದೃಷ್ಟ ಖುಲಾಯಿಸಿತು ಮಾರಾಯ!” ಎನ್ನುತ್ತ ಸುಬ್ರಾಯ ಒಳಗೆ ಬಂದ.

ಸುಬ್ರಾಯ ಪಕ್ಕದ ಮನೆಯವನು. ತಿರುವನಂತಪುರದ ಪಟ್ಟಂನಲ್ಲಿ ಹಯವದನ ಗುಮಾಸ್ತನಾಗಿದ್ದ ಕೇಂದ್ರ ಸರ್ಕಾರದ ಕಚೇರಿಯಲ್ಲೇ ಇವನಿಗಿಂತ ಹಿರಿಯ ಗುಮಾಸ್ತ. ಕಾಸರಗೋಡಿನವನಾದ್ದರಿಂದ ಕನ್ನಡವೂ ಬರುತ್ತಿತ್ತು, ಮಲಯಾಳವೂ ಬರುತ್ತಿತ್ತು. ಎರಡು ನಾಲಿಗೆ ಇರುವವನಿಗೆ ಒಂದು ಬಾಯಿ ಸಾಲದು. ಊರಿನವರ ವಿಷಯವೆಲ್ಲ ಅವನ ಬಾಯಲ್ಲೇ ಇರುತ್ತಿತ್ತು.

“ಏನ್ ಸುಬ್ರಾಯರೇ, ಭಾನುವಾರ ಬೆಳಿಗ್ಗೇನೇ?”

“ದೆಲ್ಲಿಯಿಂದ ವೀರಭದ್ರಪ್ಪ ಸಾಹೇಬರು ಬಂದಿದ್ದಾರೆ, ಗೊತ್ತುಂಟಲ್ವಾ? ನಮ್ಮ ವರ್ಗದ ಕಾಗದಕ್ಕೆಲ್ಲ ರುಜು ಹಾಕುವವರು. ಧಾರವಾಡದ ಕಡೆಯವರು. ಅವರ ಹೆಂಡತಿಗೆ ಇಲ್ಲಿಯ ಚಿತ್ರಶಾಲೆ ನೋಡ್ಬೇಕಂತೆ. ಕನ್ನಡದಲ್ಲಿ ವಿವರಿಸುವವ ಯಾರಾದ್ರೂ ಉಂಟಾ ಅಂತ ಸೂಪರಿಂಟೆಂಡೆಂಟ್ ಕೇಳಿದ್ರು. ನಾನು ನಿನ್ನ ಹೆಸರು ಹೇಳಿದೆ.”

“ನಂದಾ? ನಾನು ಆ ಕಡೆ ತಲೆ ಹಾಕಿಯೂ ಮಲಗಿಲ್ವಲ್ರೀ!”

“ಅವರಿಗೆ ಅದು ಗೊತ್ತಿಲ್ವಲ್ಲ. ಇಲ್ಲಿಯ ಚಿತ್ರಗಾರರು ಅಂದ್ರೆ ನಮ್ಮ ಹಯವದನನಿಗೆ ಪ್ರಾಣ ಅಂತ ಹೇಳಿಬಿಟ್ಟೆ. ಎರಡು ವರ್ಷದಿಂದ ಮೈಸೂರು ಮೈಸೂರು ಅಂತ ಕೂಗುವವ ನೀನೇ ಅಲ್ವಾ? ಮೈಸೂರಲ್ಲಿ ಒಂದು ಜಾಗ ಖಾಲಿ ಉಂಟಂತೆ. ಇವತ್ತು ಸಾಹೇಬರನ್ನು ಖುಷಿ ಮಾಡು, ಸಂಜೆ ರೈಲು ಹತ್ತುವ ಮೊದಲು ಕೈಗೆ ಹುಕುಂ!”

ಮೈಸೂರು ಎಂಬ ಮಾತಿಗೆ ಹಯವದನ ಕರಗಿ ನಿಂತ. ಹೋದ ಬೇಸಿಗೆಯಲ್ಲಿ ಮದುವೆಯಾಗಿತ್ತು. ಹೆಂಡತಿ ಪ್ರೇಮ ಮೈಸೂರಿನ ತವರಿನಲ್ಲೇ ಇದ್ದಳು. ‘ನಾನು ಅಲ್ಲಿಗೆ ಬರಲೋ, ನೀವೇ ಇಲ್ಲಿಗೆ ಬರುವಿರೋ? ಒಂದು ಮಾತು ಬರೆಯಿರಿ’ ಎಂದು ಅವಳು ಕೇಳಿ ಮಳೆಗಾಲವೊಂದು ಕಳೆದಿತ್ತು. ಉತ್ತರಕ್ಕೆಂದು ತಂದ ಇನ್‌ಲ್ಯಾಂಡ್ ಕಾಗದದಲ್ಲಿ ‘ಚಿ. ಸೌ. ಪ್ರೇಮಳಿಗೆ ಆಶೀರ್ವಾದಗಳು. ವರ್ಗದ ವಿಷಯ ಈ ವಾರ ತಿಳಿಯುತ್ತದೆ’ ಎಂದು ಬರೆದು ನಿಲ್ಲಿಸಿದ್ದ. ಆ ವಾರ ಇನ್ನೂ ಮುಗಿದಿರಲಿಲ್ಲ. ಕಾಗದ ಉಪ್ಪಿನ ಜಾಡಿಯ ಕೆಳಗೆ ಕೂತು ತೇವ ಹಿಡಿದಿತ್ತು.

“ಎಂತದೋ ಕರಟಿದ ವಾಸನೆ,” ಎಂದ ಸುಬ್ರಾಯ.

ಇಸ್ತ್ರಿಪೆಟ್ಟಿಗೆ ಎತ್ತಿದರೆ ಅಂಗಿಯ ಬೆನ್ನಿನ ನಡುವೆ ಅದೇ ಆಕಾರದ ತೂತು. ಮೇಲೆ ಚೂಪು, ಕೆಳಗೆ ಅಗಲ, ಸುತ್ತ ಕಂದು ಅಂಚು. ತೂತಿನೊಳಗಿಂದ ಪಂಚೆ, ಪಂಚೆಯ ತೂತಿನೊಳಗಿಂದ ಮಟ್ಟಾಂಚೇರಿ.

ಉಳಿದ ಅಂಗಿಗಳು ಅಗಸನ ಹತ್ತಿರ ಇದ್ದವು. ಅಗಸ ನೆಯ್ಯಾಟಿಂಕರೆಯ ಮದುವೆಗೆ ಹೋಗಿದ್ದ. ಬಹುಶಃ ಅವನ್ನೇ ತೊಟ್ಟುಕೊಂಡು. ಸುಬ್ರಾಯನ ಅಂಗಿ ಕೇಳೋಣವೆಂದರೆ, “ನನ್ನ ಅಂಗಿಯಲ್ಲಿ ನೀನೂ ನಿನ್ನ ಹೆಂಡತಿಯೂ ಒಟ್ಟಿಗೆ ಹಿಡಿಯುತ್ತೀರಿ ಮಾರಾಯ,” ಎಂದ ಅವನು. “ನೀನು ಹೆದರುದು ಎಂತಕ್ಕೆ? ಮುಂದಿನಿಂದ ನೋಡಿದ್ರೆ ಮದುಮಗನ ಹಾಗೆ ಉಂಟು. ಬೆನ್ನು ಮಾತ್ರ ಯಾರಿಗೂ ತೋರಿಸ್ಬೇಡ.”

ಉಪಾಯ ಹೇಳುವವನಿಗೆ ಏನು, ಬೆನ್ನು ಅವನದಲ್ಲವಲ್ಲ.

ಚಿತ್ರಶಾಲೆ ಎಂದರೆ ಹಳೆಯ ಕಾಲದ ಒಂದು ದೊಡ್ಡ ಹೆಂಚಿನ ಮನೆ. ನಡುವೆ ಅಂಗಳ, ಸುತ್ತ ಮರದ ಕಂಬದ ಜಗಲಿ, ಒಳಗೆ ಒಂದಕ್ಕೊಂದು ಅಂಟಿದ ಕೋಣೆಗಳು. ಹಯವದನ ಮೊದಲೇ ಹೋಗಿ ಬಾಗಿಲ ಪಕ್ಕದ ಗೋಡೆಗೆ ಹಲ್ಲಿಯ ಹಾಗೆ ಅಂಟಿ ನಿಂತಿದ್ದ. ವೀರಭದ್ರಪ್ಪನವರ ಕಾರು ಬಂತು. ದಪ್ಪ ಕನ್ನಡಕ, ಬಿಳಿ ಅಂಗಿ, ಅಂಗಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ಹೊಟ್ಟೆ. ಹಿಂದೆ ಅವರ ಹೆಂಡತಿ ಶಾಂತಮ್ಮ, ಕೈಯಲ್ಲಿ ಹೊಲಿಗೆಯ ಚೀಲ. ಅವರನ್ನು ಕರೆತಂದ ಸುಬ್ರಾಯ ಕೊನೆಗೆ ಇಳಿದ.

“ಏನ್ರೀಪಾ ಹಯವದನ, ಚಿತ್ರ ಅಂದ್ರ ಪ್ರಾಣ ಬಿಡ್ತೀರಂತ ಕೇಳೇನಿ. ನಡೀರಿ, ನೀವು ಮುಂದ ನಡೀರಿ.”

“ತಾವು ಮೊದಲು ಸಾರ್.”

“ನಮಗ ದಾರಿ ಗೊತ್ತಿಲ್ಲ, ನೀವು ನಡೀರಿ.”

ಹಯವದನ ಹಿಂದುಹಿಂದಕ್ಕೆ ನಡೆಯುತ್ತ ಒಳಗೆ ಹೋದ. ಮಂಗಳಾರತಿ ತಟ್ಟೆ ಹಿಡಿದವರ ಹಾಗೆ ಬಾಗಿದ್ದ.

“ಎಷ್ಟು ವಿನಯ ನೋಡು,” ಎಂದರು ವೀರಭದ್ರಪ್ಪ ಹೆಂಡತಿಗೆ.

ಕಷ್ಟ ಶುರುವಾದದ್ದು ಮೊದಲ ಚಿತ್ರದ ಹತ್ತಿರ. ಚಿತ್ರಗಳು ಗೋಡೆಯ ಮೇಲಿರುತ್ತವೆ. ನೋಡುವವನ ಬೆನ್ನು ಕೋಣೆಯ ಕಡೆಗಿರುತ್ತದೆ. ಬೆನ್ನನ್ನು ಗೋಡೆಗೆ ಕೊಟ್ಟು ನಿಂತ ಹಯವದನನಿಗೆ ಇಡೀ ಚಿತ್ರಶಾಲೆಯಲ್ಲಿ ಕಾಣದಿದ್ದದ್ದು ತಾನು ವಿವರಿಸಬೇಕಾದ ಚಿತ್ರ ಒಂದೇ.

“ಇದರ ಬಗ್ಗೆ ಹೇಳ್ರಿ,” ಎಂದರು ಶಾಂತಮ್ಮ.

ಹಯವದನ ವೀರಭದ್ರಪ್ಪನವರ ಕನ್ನಡಕವನ್ನು ದಿಟ್ಟಿಸಿದ. ಗಾಜಿನೊಳಗೆ ಕಡಲೆಕಾಳಿನಷ್ಟು ನೀರು, ಸಾಸಿವೆಯಷ್ಟು ದೋಣಿ ಹೊಳೆಯಿತು. “ನೀರು ಅಮ್ಮಾ,” ಎಂದ. “ಬಲಗಡೆ ಒಂದು ದೋಣಿ.”

“ಎಡಗಡೆ ಅದ ಅಲ್ರೀ?”

“ನೋಡೋರಿಗೆ ಎಡ. ದೋಣಿ ನಡೆಸೋನಿಗೆ ಬಲ. ಚಿತ್ರಗಾರ ದೋಣಿಯವನ ಕಣ್ಣಿಂದ ನೋಡಿ ಬರೆದಿದ್ದಾನೆ.”

ವೀರಭದ್ರಪ್ಪನವರು ಹೆಂಡತಿಯ ಕಡೆ ತಿರುಗಿದರು. “ತಿರುಗಿ ನೋಡದ ಹೇಳ್ತಾನ, ಶಾಂತಾ! ಪ್ರತಿಯೊಂದೂ ಬಾಯಿಪಾಠ!”

ಕೇರಳದ ಚಿತ್ರ ತಾನೆ, ನೀರು ಅಂದರೆ ನಡೆಯುತ್ತದೆ ಎಂದು ಹಯವದನನಿಗೆ ಧೈರ್ಯ ಬಂತು. ಎರಡನೆಯ ಕೋಣೆಯವರೆಗೆ ನೀರು, ದೋಣಿ, ತೆಂಗು ಎನ್ನುತ್ತ ಬಂದ. ಅಲ್ಲಿ ಕನ್ನಡಕದಲ್ಲಿ ಕಪ್ಪಗೆ, ದಪ್ಪಗೆ, ಎರಡು ಬಿಳಿ ಗೆರೆ ಇಳಿಬಿಟ್ಟುಕೊಂಡದ್ದೇನೋ ಕಂಡಿತು.

“ಆನೆ ಸಾರ್,” ಎಂದ. “ಆ ಗಾಂಭೀರ್ಯ ನೋಡಿ.”

ಸುಬ್ರಾಯ ಸಾಹೇಬರ ಹಿಂದಿನಿಂದ ಕೈ ಆಡಿಸಿ ಅಲ್ಲ ಅಲ್ಲ ಎಂದ. ಅದು ಹಿಂದಿನ ಕಾಲದ ಒಬ್ಬ ನ್ಯಾಯಾಧೀಶರ ಚಿತ್ರ. ಕಪ್ಪು ನಿಲುವಂಗಿ, ಕೊರಳಿನಿಂದ ಇಳಿಬಿದ್ದ ಎರಡು ಬಿಳಿ ಪಟ್ಟಿ.

“ಖರೇ!” ಎಂದರು ವೀರಭದ್ರಪ್ಪ ಒಮ್ಮೆಲೇ. “ನ್ಯಾಯಾಧೀಶ ಅಂದ್ರ ಆನಿ ಇದ್ದಂಗ ಇರಬೇಕು. ನಾ ಬರೇ ಮನಷ್ಯಾನ ನೋಡ್ಲಿಕ್ಕತ್ತಿದ್ದೆ, ಇವರು ಒಳಗಿನ ಆನಿ ನೋಡ್ಯಾರ!” ಆಮೇಲೆ ಸುಬ್ರಾಯನ ಕಡೆ ತಿರುಗಿದರು. “ನಿಮಗ ಹೆಂಗ ಅನಸ್ತದ್ರೀ?”

ಸುಬ್ರಾಯ ಆಕಳಿಸುತ್ತಿದ್ದವನು ಬಾಯಿ ಮುಚ್ಚಿದ. “ನನಗೆ ಗೋಡೆಗೆ ಚೆಂದ ಮಾಡಿ ಸುಣ್ಣ ಬಳಿದಿದ್ರೆ ಸಾಕು ಸಾರ್. ಊಟ ಮತ್ತು ಇಲ್ಲಿಯ ಮೀನು, ಇದು ಬಿಟ್ಟು ಎಂತದೂ ಬೇಡ.”

ಸಾಹೇಬರು ಅವನನ್ನು ಕನಿಕರದಿಂದ ನೋಡಿದರು.

ಮೂರನೆಯ ಕೋಣೆಯಲ್ಲಿ ಕತ್ತಲೆ ಹೆಚ್ಚು. ಕನ್ನಡಕದಲ್ಲಿ ಏನೂ ಕಾಣಲಿಲ್ಲ. ಶಾಂತಮ್ಮ ಒಂದು ಚಿತ್ರದ ಮುಂದೆ ನಿಂತು, “ಇದನ್ನ ಬರದಾಂವ ಯಾವ ಊರಾಂವ್ರೀ?” ಎಂದು ಕೇಳಿದರು.

ಇಡೀ ಕೇರಳದಲ್ಲಿ ಆ ಹೊತ್ತಿಗೆ ಹಯವದನನ ನಾಲಿಗೆಗೆ ಬಂದದ್ದು ಒಂದೇ ಊರು. ಬೆಳಗ್ಗಿನಿಂದ ತೂತಿನೊಳಗಿಂದ ಇಣುಕಿದ್ದೂ ಅದೇ.

“ಮಟ್ಟಾಂಚೇರಿ.”

ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲಿನ ಶಂಕುಣ್ಣಿ ನಾಯರ್ ಚಂಗನೆ ಎದ್ದ. ಮಲಯಾಳದಲ್ಲಿ ಏನೇನೋ ಹೇಳಿದ. ಸುಬ್ರಾಯ ಕನ್ನಡಕ್ಕೆ ತಿರುಗಿಸಿದ: “ಹೌದಂತೆ ಸಾರ್! ನರಸಿಂಹ ಕಮ್ಮತ್ ಅಂತ ಮಟ್ಟಾಂಚೇರಿಯವನಂತೆ. ಮೆಣಸಿನ ಗೋದಾಮಿನಲ್ಲಿ ಚೀಲಕ್ಕೆ ಹೆಸರು ಬರೀತಿದ್ದನಂತೆ, ಬಿಡುವಿನಲ್ಲಿ ಚಿತ್ರ. ಇಲ್ಲಿಗೆ ಬಂದವರಲ್ಲಿ ಇದನ್ನು ಹೇಳಿದವರು ಇವರೇ ಮೊದಲಂತೆ.”

ಚೀಲಕ್ಕೆ ಹೆಸರು ಬರೆಯುತ್ತಿದ್ದವನು! ಹಯವದನನಿಗೆ ಮೈ ಜುಮ್ಮೆಂದಿತು. ಸಾಹೇಬರು ಅದನ್ನೂ ನೋಡಿದರು.

“ನೀವು ಮಟ್ಟಾಂಚೇರಿ ನೋಡೀರೇನು?”

“ಇಲ್ಲ ಸಾರ್. ಒಂದು ಸಲ ಹೋಗಬೇಕು ಅಂತ ಬಹಳ ಆಸೆ,” ಎಂದ ಹಯವದನ. ಮಾತು ಮುಗಿಯಲಿ ಎಂದಷ್ಟೇ ಹೇಳಿದ್ದು. ಕೆಲವು ಮಾತುಗಳು ಸುಣ್ಣದ ನೀರಿನ ಹಾಗೆ. ಚೆಲ್ಲಿದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಏಳುತ್ತವೆ.

ಕೊನೆಯ ಕೋಣೆಯೊಂದು ಉಳಿದಿತ್ತು. ಅದರ ಬಾಗಿಲು ಎಷ್ಟು ಗಿಡ್ಡ ಮತ್ತು ಕಿರಿದೆಂದರೆ ತಲೆ ಬಗ್ಗಿಸಿ, ಮುಂದೆ ನೋಡಿಕೊಂಡೇ ಹೋಗಬೇಕು. ಹಿಂದುಹಿಂದಕ್ಕೆ ಹೋದರೆ ತಲೆ ಒಡೆಯುತ್ತದೆ, ಮುಂದಕ್ಕೆ ಹೋದರೆ ಮಾನ. ಸಾಹೇಬರು, “ನಡೀರಿ, ನಡೀರಿ,” ಎನ್ನುತ್ತಿದ್ದರು. ಹಯವದನ ಒಳಗೆ ಕಣ್ಣು ಹಾಯಿಸಿದ. ಎದುರು ಗೋಡೆಯ ತುಂಬ ಹಾವಿನ ಮೇಲೆ ಮಲಗಿದ ಅನಂತಶಯನನ ಚಿತ್ರ, ಅದರ ಮುಂದೆ ಅಲಂಕಾರಕ್ಕೆ ಇಟ್ಟ ಎತ್ತರದ ಹಿತ್ತಾಳೆಯ ದೀಪ.

ದೀಪ ನೋಡಿದ್ದೇ ಅವನ ತಲೆಯೊಳಗೂ ಒಂದು ಹತ್ತಿತು.

“ಸಾರ್, ಇಲ್ಲಿ ಗಂಡಸರು ಅಂಗಿ ತೆಗೀಬೇಕು.”

ಬೇರೆ ಊರಿನಲ್ಲಿ ಈ ಮಾತು ನಡೆಯುತ್ತಿರಲಿಲ್ಲ. ತಿರುವನಂತಪುರದಲ್ಲಿ ನಡೆಯಿತು. ಬೆಳಿಗ್ಗೆ ತಾನೇ ದೇವಸ್ಥಾನದ ಬಾಗಿಲಲ್ಲಿ ಅಂಗಿ ತೊಟ್ಟು ಒಳಗೆ ಕಾಲಿಟ್ಟು ಹತ್ತು ಜನರ ಎದುರು ಬೈಸಿಕೊಂಡಿದ್ದ ವೀರಭದ್ರಪ್ಪನವರು ಒಂದು ಮಾತೂ ಕೇಳದೆ ಕನ್ನಡಕ ತೆಗೆದು ಪ್ಯಾಂಟಿನ ಜೇಬಿಗಿಟ್ಟರು, ಅಂಗಿ ಬನೀನು ಕಳಚಿ ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟರು. ಹಯವದನ ಅವರಿಗಿಂತ ಮೊದಲೇ ಕಳಚಿ ಸುತ್ತಿ ಇಟ್ಟಿದ್ದ. ಸುಬ್ರಾಯ ಹೊರಗಿನ ಜಗಲಿಯಲ್ಲೇ ಉಳಿದ. ಸಾಹೇಬರ ಕೊರಳಿನ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಹೊಟ್ಟೆಯ ಮೇಲೆ ಹಾಯಾಗಿ ಕೂತಿತು.

ಬೆನ್ನಿನ ಭಯ ಹೋದ ಹಯವದನ ಅಂದು ಮೊದಲ ಬಾರಿಗೆ ಗೋಡೆಯ ಕಡೆ ಮುಖ ಮಾಡಿದ. ದೊಡ್ಡ ಚಿತ್ರದ ಪಕ್ಕದಲ್ಲಿ ಒಂದು ಸಣ್ಣದಿತ್ತು. ಗೋದಾಮಿನ ಅಂಗಳದಲ್ಲಿ ಒಬ್ಬ ಹೆಂಗಸು ಮೊರ ಹಿಡಿದು ಮೆಣಸು ಕೇರುತ್ತಿದ್ದಾಳೆ. ಯಾರೋ ಕರೆದ ಹಾಗಾಗಿ ತಲೆಯೆತ್ತಿದ್ದಾಳೆ. ಕೈ ಮಾತ್ರ ಇನ್ನೂ ಕೆಲಸದಲ್ಲಿದೆ. ಕೆಳಗೆ ಅದೇ ಕಮ್ಮತನ ಹೆಸರು. ಮೈಸೂರಿನ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತ ಪ್ರೇಮ, ಅಂಚೆಯವನ ಸೈಕಲ್ ಗಂಟೆಗೆ ತಲೆಯೆತ್ತುವುದು ಹೀಗೇ. ಹಯವದನ ಬಾಯಿ ತೆರೆದು ನಿಂತ. ಯಾರೂ ಕೇಳದಿದ್ದರೂ, “ಎಷ್ಟು ಚೆನ್ನಾಗಿ ಬರೆದಿದ್ದಾನ್ರೀ,” ಎಂದ. ಆ ದಿನ ಅವನಾಡಿದ ನಿಜವಾದ ಮಾತು ಅದೊಂದೇ.

ಸಾಹೇಬರು ಅವನು ಕಣ್ಣಂಚು ಒರೆಸಿಕೊಂಡದ್ದನ್ನು ನೋಡಿ, ಭಕ್ತಿಯೆಂದುಕೊಂಡು, ತಾವೂ ಅನಂತಶಯನನಿಗೆ ಕೈ ಮುಗಿದರು.

ಅದೇ ಹೊತ್ತಿಗೆ ಕನ್ಯಾಕುಮಾರಿಗೆ ಹೊರಟ ಯಾತ್ರಿಕರ ಗುಂಪೊಂದು ಬಾಗಿಲಿಗೆ ಬಂತು. ಒಳಗೆ ನೋಡಿದರೆ ದೀಪ, ದೇವರು, ಬರಿಮೈಯಲ್ಲಿ ಭಕ್ತರ ಹಾಗೆ ನಿಂತ ಇಬ್ಬರು ಗಂಡಸರು. ಇನ್ನೇನು ಬೇಕು? ಗಂಡಸರೆಲ್ಲ ಅಂಗಿ ಬಿಚ್ಚಿ ಬೆಂಚಿಗೆ ಎಸೆದರು. ಒಬ್ಬ ಅಡ್ಡಬಿದ್ದ. ಒಬ್ಬಳು ಮುದುಕಿ ಸೆರಗಿನಿಂದ ಕರ್ಪೂರ ತೆಗೆದು ಹಚ್ಚಿಯೇಬಿಟ್ಟಳು. ಇನ್ನೊಬ್ಬಳು ಹಯವದನನ ಜನಿವಾರ ನೋಡಿ, ತೀರ್ಥಕ್ಕೆ ಕೈಯೊಡ್ಡಿದಳು.

“ಅಯ್ಯೋ ಸಾರೇ! ಇದು ಅಂಬಲಮಲ್ಲ! ಅಂಬಲಮಲ್ಲ!” ದೇವಸ್ಥಾನವಲ್ಲ, ದೇವಸ್ಥಾನವಲ್ಲ ಎಂದು ಕೂಗುತ್ತ ಶಂಕುಣ್ಣಿ ನಾಯರ್ ನೀರಿನ ಕೊಡ ಎತ್ತಿಕೊಂಡು ಓಡಿಬಂದ. ಕರ್ಪೂರ ಆರಿತು, ಹೊಗೆ ಎದ್ದಿತು, ಅಡ್ಡಬಿದ್ದವನು ಒದ್ದೆಯಾದ. ಎಲ್ಲರೂ ಬೆಂಚಿಗೆ ಮುತ್ತಿ, ಬನೀನು ಬಿಟ್ಟು, ಕೈಗೆ ಸಿಕ್ಕ ಅಂಗಿಗೆ ತೋಳು ತೂರಿಸಿ ಹೊರಗೆ ಬಿದ್ದರು.

ಅಂಗಳಕ್ಕೆ ಬಂದ ಮೇಲೆ ಹಯವದನನಿಗೆ ಅಂಗಿ ದೊಗಳೆಯಾಗಿದೆ, ಮೆತ್ತಗಿದೆ ಅನ್ನಿಸಿತು. ಅವನದು ಗಂಜಿ ಹಾಕಿ ಹಪ್ಪಳವಾಗಿದ್ದ ಅಂಗಿ. ಬೆನ್ನು ಮುಟ್ಟಿ ನೋಡಿಕೊಂಡ. ತೂತಿಲ್ಲ. ತಲೆಯೆತ್ತಿದ. ಮುಂದೆ ವೀರಭದ್ರಪ್ಪನವರು ನಡೆಯುತ್ತಿದ್ದರು. ಅವರ ಬೆನ್ನಿನ ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಿಟಕಿ ತೆರೆದಿತ್ತು.

“ಗುಂಡಿ ಹಾಕಾಕ ಬರವಲ್ತು ಶಾಂತಾ. ನಿನ್ನಿ ಉಂಡ ಪಾಯಸ ನೋಡು,” ಎಂದರು ಅವರು. “ಏನ ಅನ್ನು, ಈ ಊರಿನ ಗಾಳಿ ಭಾಳ ಛಲೋ ಅದ. ಬೆನ್ನಿಗೆ ತಂಪಗೆ ಬಡೀತದ.”

ಸುಬ್ರಾಯ ಕಂಬದ ಹಿಂದೆ ಹೋಗಿ ಕೆಮ್ಮಿದ. ಶಾಂತಮ್ಮ ಗಂಡನ ಬೆನ್ನನ್ನು ನೋಡಿದರು. ಆಮೇಲೆ ಹಯವದನನನ್ನು ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಾರು ಹತ್ತಿದರು.

ಮಧ್ಯಾಹ್ನ ಹಯವದನ ಉಣ್ಣಲಿಲ್ಲ. ಸಾಹೇಬರಿಗೆ ಗೊತ್ತಾದರೆ ಮೈಸೂರು ಹೋಯಿತು, ಗೊತ್ತಾಗದಿದ್ದರೆ ಬಂತು. ಉಪ್ಪಿನ ಜಾಡಿ ಎತ್ತಿ ಇನ್‌ಲ್ಯಾಂಡ್ ಕಾಗದವನ್ನು ಜೇಬಿನಲ್ಲಿಟ್ಟುಕೊಂಡ. ‘ಈ ವಾರ’ ಎಂಬುದು ಕೊನೆಗೂ ಇಂದಿಗೆ ಬಂದು ನಿಂತಿತ್ತು. ಬೇರೆ ಅಂಗಿ ಇಲ್ಲದ್ದರಿಂದ ಸಾಹೇಬರ ಅಂಗಿಯಲ್ಲೇ ತಂಪಾನೂರಿನ ರೈಲು ನಿಲ್ದಾಣಕ್ಕೆ ಹೋದ. ಜೊತೆಗೆ ಸುಬ್ರಾಯ ಇದ್ದೇ ಇದ್ದ. ಸಂತೋಷವೋ ಸಾವೋ, ಎರಡಕ್ಕೂ ಸಾಕ್ಷಿ ಬೇಕಲ್ಲ.

ಎರ್ನಾಕುಳಂ ರೈಲಿನ ಕಿಟಕಿಯಲ್ಲಿ ವೀರಭದ್ರಪ್ಪನವರು ಹೊಸ ಅಂಗಿ ತೊಟ್ಟು ಕೂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹಯವದನ ಮನಸ್ಸಿನಲ್ಲೇ ಚಾಮುಂಡಿಗೆ ಒಂದು ಕಾಯಿ ಹೇಳಿಕೊಂಡ.

“ಏನ್ರೀ, ನಿಮ್ಮ ಅಂಗಿ ನನ್ನ ಅಂಗಿ ಹಂಗ ಅದಲ್ರೀ!”

“ದೊಡ್ಡವರ ಹಾಗೆ ತೊಡೋ ಆಸೆ ಸಾರ್.”

“ಇರಲಿ. ಕೇಳ್ರಿ, ನಿಮ್ಮ ಅರ್ಜಿ ನೋಡಿದೆ. ಮೈಸೂರಾಗ ಒಂದು ಜಾಗ ಖಾಲಿ ಅದ. ಖರೇ ಹೇಳ್ತೀನಿ, ದಿಲ್ಲಿ ಬಿಡೂಮುಂದ ಅದನ್ನ ನಿಮಗ ಕೊಡಬೇಕಂತನ ಬಂದಿದ್ದೆ.”

ಹಯವದನ ಕಣ್ಣು ಮುಚ್ಚಿದ.

“ಆದ್ರ ಇವತ್ತು ನಿಮ್ಮನ್ನ ನೋಡಿದ ಮ್ಯಾಲೆ ಮನಸ್ಸು ಬರಲಿಲ್ಲ. ಇಲ್ಲಿ ಚಿತ್ರಗಾರರನ್ನ ಇಷ್ಟು ಹಚ್ಕೊಂಡ ಮನಷ್ಯಾನ್ನ ಕಿತ್ತು ಮೈಸೂರಿಗೆ ಒಗದ್ರ ಪಾಪ ಬರ್ತದ. ಅದಕ ನಿಮಗ ಮಟ್ಟಾಂಚೇರಿ! ಕೊಚ್ಚಿ ಬಂದರದ ಕಡೆ ನಮ್ಮದೊಂದು ಸಣ್ಣ ಶಾಖಾ ಅದ, ಮೆಣಸಿನ ಗೋದಾಮಿನ ಮ್ಯಾಲೆ. ಯಾರೂ ಹೋಗಾಕ ಒಲ್ಲೆ ಅಂತಾರ. ನೀವಾಗೇ ಆಸೆ ಅಂದ್ರಿ. ಐದು ವರ್ಷ ಯಾರೂ ನಿಮ್ಮನ್ನ ಅಲ್ಲಿಂದ ಅಲುಗಾಡಸಂಗಿಲ್ಲ ಅಂತ ಬರದೀನಿ.”

“ಸಾರ್, ಮೈಸೂರು…” ಎಂದ ಹಯವದನ.

“ಅದನ್ನ ಈ ಸುಬ್ರಾಯಗ ಕೊಟ್ಟೀನಿ. ಇಲ್ಲಿಂದ ಹೋದ್ರ ಇವರಿಗೇನೂ ನಷ್ಟ ಇಲ್ಲ.”

“ಸಾರ್, ನಾನು ಕೇಳ್ಲಿಲ್ಲ ಸಾರ್!” ಸುಬ್ರಾಯ ಕಿಟಕಿಯ ಸರಳು ಹಿಡಿದ. “ಅಲ್ಲಿ ಸಮುದ್ರ ಇಲ್ಲ, ಮೀನಿಲ್ಲ, ನಾನು ಎಂತ ತಿನ್ನುದು ಸಾರ್?”

“ಸುಣ್ಣ ಬಳಿದ ಗೋಡೆ ಬೇಕಾದಷ್ಟವ,” ಎಂದು ಹೇಳಿ ಸಾಹೇಬರು ಹಾಸಿಗೆಯ ಸುರುಳಿ ಬಿಚ್ಚಲು ಒಳಗೆ ತಿರುಗಿದರು.

ಗಾರ್ಡ್ ಸೀಟಿ ಊದಿದ. ಶಾಂತಮ್ಮ ಕಿಟಕಿಗೆ ಬಂದು ಹಯವದನನ ಕೈಗೆ ಒಂದು ಗಂಟು ಕೊಟ್ಟರು. ಬಿಚ್ಚಿದರೆ ಅವನದೇ ಅಂಗಿ. ಬೆನ್ನಿನ ತೂತಿಗೆ ಒಳಗಿನಿಂದ ತೇಪೆ ಕೊಟ್ಟು, ಅಂಚಿನ ಗುಂಟ ಕೆಂಪು ನೂಲಿನಲ್ಲಿ ಕಸೂತಿ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಗೋಪುರ ಮಾಡಿದ್ದರು. ತುದಿಗೊಂದು ಕಳಸ ಕೂಡ.

“ಕಾಲರಿನಾಗ ಅಗಸನ ಗುರುತು ಬ್ಯಾರೆ ಇತ್ತು,” ಎಂದರು ಅವರು ದನಿ ತಗ್ಗಿಸಿ. “ನೀವು ಯಾಕ ಗೋಡಿಗೆ ಅಂಟಕೊಂಡು ನಿಂತಿದ್ರಿ ಅಂತ ಅವಾಗ ತಿಳೀತು.”

“ಅಮ್ಮಾ, ಸಾಹೇಬರಿಗೆ…”

“ಹೇಳಿಲ್ಲ, ಹೆದರಬ್ಯಾಡ್ರಿ. ನಾ ಅಷ್ಟು ಕೆಟ್ಟಾಕಿ ಅಲ್ಲ.” ರೈಲು ಅಲುಗಿತು. ಶಾಂತಮ್ಮ ತಾಯಿಯ ಹಾಗೆ ನಕ್ಕರು. “ಹೇಳಿದ್ರ ನಿಮಗ ಚಿತ್ರದ ಗಂಧನ ಇಲ್ಲಂತ ಅವರಿಗೆ ಗೊತ್ತಾಗಿ, ಸಿಟ್ಟಿಲೆ ನಿಮ್ಮನ್ನ ಮೈಸೂರಿಗೆ ಹಾಕಿಬಿಡ್ತಿದ್ರು!”

ರೈಲು ಹೋಯಿತು. ಪ್ಲಾಟ್‌ಫಾರಂ ಮೇಲೆ ವರ್ಗ ಸಿಕ್ಕಿದ ಇಬ್ಬರು ಗುಮಾಸ್ತರು ಹೆಣ ಕಾಯುವವರ ಹಾಗೆ ಕೂತರು.

ಬಹಳ ಹೊತ್ತಿನ ಮೇಲೆ ಹಯವದನ ಗೋಪುರದ ಅಂಗಿಯನ್ನು ತೊಡೆಯ ಮೇಲೆ ಹಾಸಿ, ಅದರ ಮೇಲೆ ಇನ್‌ಲ್ಯಾಂಡ್ ಕಾಗದ ಇಟ್ಟು, ಸುಬ್ರಾಯನ ಪೆನ್ನು ಕೇಳಿದ. ‘ವರ್ಗದ ವಿಷಯ ಈ ವಾರ ತಿಳಿಯುತ್ತದೆ’ ಎಂಬುದರಲ್ಲಿ ‘ತಿಳಿಯುತ್ತದೆ’ಯನ್ನು ಹೊಡೆದು ‘ತಿಳಿಯಿತು’ ಮಾಡಿದ. ಕೆಳಗೆ ಬರೆದ: ‘ಇಲ್ಲಿ ಒಂದು ಚಿತ್ರ ನೋಡಿದೆ. ಅದರಲ್ಲಿ ಒಬ್ಬಳು ಮೆಣಸು ಕೇರುತ್ತ, ಯಾರೋ ಕರೆದರೆಂದು ತಲೆಯೆತ್ತಿದ್ದಾಳೆ. ನೀನೇ ಅನ್ನಿಸಿತು. ಅವಳ ಊರಿಗೇ ವರ್ಗವಾಗಿದೆ, ಕೊಚ್ಚಿಗೆ. ನಾನು ಬರುವುದಿಲ್ಲ. ನೀನೇ ಬಾ.’

ಅಂಟು ತೇವ ಹಿಡಿದು ಹೋಗಿತ್ತು. ಚಹಾದ ಅಂಗಡಿಯಿಂದ ಎರಡು ಅನ್ನದ ಅಗುಳು ಕೇಳಿ ತಂದು ಅಂಟಿಸಿ, ನಿಲ್ದಾಣದ ಕೆಂಪು ಪೆಟ್ಟಿಗೆಯ ಹತ್ತಿರ ಹೋದ. ಕಾಗದದ ಅರ್ಧ ಒಳಗೆ ಹೋಗಿತ್ತು.

“ಅದು ಯಾರಿಗೆ, ಹೆಂಡತಿಗಾ?” ಎಂದು ಸುಬ್ರಾಯ ಹಿಂದಿನಿಂದ ಕೈ ಚಾಚಿದ. ಮೂಗು ಇನ್ನೂ ಕೆಂಪಗಿತ್ತು. “ಪೋಸ್ಟ್ ಎಂತಕ್ಕೆ ಮಾರಾಯ? ಹೇಗೂ ನಾನು ಹಾಳು ಮೈಸೂರಿಗೇ ಹೋಗುವವ ಅಲ್ವಾ? ಇಲ್ಲಿ ಕೊಡು, ಮನೆಗೇ ಹೋಗಿ ಕೊಡ್ತೇನೆ. ನಡೆದದ್ದನ್ನೆಲ್ಲ ಬಾಯಲ್ಲೇ ಹೇಳ್ತೇನೆ.”

ಹಯವದನ ಅವನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಕಾಗದವನ್ನು ಮಣಿಕಟ್ಟಿನವರೆಗೂ ಒಳಗೆ ತಳ್ಳಿ, ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಕೈ ತೆಗೆಯಲಿಲ್ಲ.